ಎಣ್ಣೆ ಡಬ್ಬಿ ದೂರ ಇರಲಿ

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಕೂಡ್ಲಿಗಿ ಇನ್ನೂ ಒಂದಿಷ್ಟು ದೂರ ಇರುವಾಗಲೇ ಹೊಸಹಳ್ಳಿ ಸಿಗುತ್ತದೆ. ಕಾನಹೊಸಹಳ್ಳಿ ಎಂದೂ ಕರೆಯುತ್ತಾರೆ. ಮಳೆ ಕಡಿಮೆ, ಗಾಳಿ ಜಾಸ್ತಿ. ಶೇಂಗಾ, ಜೋಳ, ಮೆಕ್ಕೆಜೋಳದ ಸೀಮೆ. ಬೇಸಿಗೆ ಬಂತೆಂದರೆ ಮನೆಯೊಳಗಿನ ಕನ್ನಡಿಯ ಮೇಲೂ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು.

ಇಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಸುಣ್ಣಬಣ್ಣ ಮಾಡಿಸಲೆಂದು ಅಟ್ಟ ಖಾಲಿ ಮಾಡುವಾಗ, ಗೋಣಿಚೀಲದಲ್ಲಿ ಸುತ್ತಿಟ್ಟ ಟೈಪ್‌ರೈಟರ್ ಒಂದು ಕೆಳಗಿಳಿಯುತ್ತದೆ. ತಾತ ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಕುಳಿತು ಅರ್ಜಿ, ಅಫಿಡವಿಟ್ಟು, ಕರಾರು ಪತ್ರ ಟೈಪ್ ಮಾಡಿಕೊಡುತ್ತಿದ್ದ ಯಂತ್ರ. ಪುಟಕ್ಕೆ ಇಷ್ಟು ಎಂದು ಬಂದ ದುಡ್ಡಿನಲ್ಲಿಯೇ ಮಗನ ಫೀಸು ಕಟ್ಟಿದ್ದು, ಮಗಳ ಮದುವೆ ಮಾಡಿದ್ದು. ಪಿಯುಸಿ ಓದುವ ಮೊಮ್ಮಗಳು ಆಸೆಯಿಂದ ಒಂದು ಕೀಲಿ ಒತ್ತುತ್ತಾಳೆ. ಅಕ್ಷರದ ಕಡ್ಡಿ ಅರ್ಧ ಎದ್ದು ಅಲ್ಲೇ ನಿಲ್ಲುತ್ತದೆ. “ಕೆಟ್ಟೈತೆ ಬಿಡವ್ವ, ಗುಜರಿಯವ್ರು ಬಂದಾಗ ಹಾಕಿದ್ರಾತು” ಎನ್ನುತ್ತಾನೆ ಅಪ್ಪ. ಪಕ್ಕದ ಮನೆಯವರು “ತಡೀರಿ, ಒಂಚೂರು ಎಣ್ಣೆ ಬಿಟ್ರೆ ಸರಿಹೋಗ್ತೈತೆ” ಎಂದು ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ಹಿಡಿದು ಬರುತ್ತಾರೆ.

ಇಬ್ಬರಲ್ಲಿ ಹೆಚ್ಚು ಅಪಾಯ ಎಣ್ಣೆ ಡಬ್ಬಿ ತಂದವರಿಂದಲೇ. ಗುಜರಿಯವರು ಬರುವುದಕ್ಕೆ ಇನ್ನೂ ಹೊತ್ತಿದೆ.

ಅಟ್ಟದಿಂದ ಇಳಿದ ಹಳೆಯ ಯಂತ್ರಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ, ಕೊಳೆಯಾಗಿರುತ್ತವೆ ಅಷ್ಟೆ. ಕೀಲಿಮಣೆಯ ಹಿಂದೆ, ಅರ್ಧಚಂದ್ರಾಕಾರದಲ್ಲಿ ಒಂದು ದಪ್ಪ ಲೋಹದ ಪಟ್ಟಿ ಕಾಣುತ್ತದೆ. ಬಾಚಣಿಗೆಯ ಹಲ್ಲುಗಳ ನಡುವಿನ ಸಂದಿನಂತೆ ಅದರಲ್ಲಿ ಸಾಲಾಗಿ ಸೀಳುಗಳು. ಒಂದೊಂದು ಸೀಳಿನಲ್ಲಿ ಒಂದೊಂದು ಅಕ್ಷರದ ಕಡ್ಡಿಯ ಬುಡ ಕುಳಿತಿರುತ್ತದೆ. ಕಡ್ಡಿ ಅಲುಗಾಡದೆ ನೇರವಾಗಿ ಏಳಲೆಂದು ಈ ಸೀಳನ್ನು ಬಹಳ ಬಿಗಿಯಾಗಿ ಕೊರೆದಿರುತ್ತಾರೆ. ಬಿಗಿ ಎಂದರೆ ಕೂದಲೆಳೆಯಷ್ಟು ಜಾಗ. ಅಲ್ಲಿ ನುಣುಪಾದ ಲೋಹ ಒಣಗಿದ್ದಾಗಲೇ ಚೆನ್ನಾಗಿ ಜಾರುತ್ತದೆ. ಎಣ್ಣೆ ಬಿಟ್ಟರೆ ಆ ಹೊತ್ತಿಗೆ ಕಡ್ಡಿ ಸರಾಗವಾಗಿ ಎದ್ದು ಬೀಳುತ್ತದೆ, ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆದರೆ ಎಣ್ಣೆ ಧೂಳನ್ನು ಹಿಡಿದುಕೊಳ್ಳುತ್ತದೆ. ಎರಡು ಮೂರು ತಿಂಗಳಲ್ಲಿ ಸೀಳಿನೊಳಗೆ ಕಪ್ಪು ಜಿಡ್ಡು ಕಟ್ಟಿ, ಮೊದಲು ನಾಲ್ಕು ಕಡ್ಡಿ ನಿಲ್ಲುತ್ತಿದ್ದಲ್ಲಿ ಈಗ ನಲವತ್ತು ನಿಲ್ಲುತ್ತವೆ.

ಅಡುಗೆ ಎಣ್ಣೆಯಾದರಂತೂ ಕೇಳುವುದೇ ಬೇಡ. ಒಲೆಯ ಮೇಲಿನ ಹಲಗೆಯನ್ನು ವರ್ಷಕ್ಕೊಮ್ಮೆ ಉಜ್ಜುವ ಅವ್ವಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಗ್ಗರಣೆಯ ಹೊಗೆಯೊಂದಿಗೆ ಹಾರಿದ ಶೇಂಗಾ ಎಣ್ಣೆ ಅಲ್ಲಿ ಎಂಥ ಅಂಟಾಗಿ ಕೂತಿರುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಅದೇ ಅಂಟು ಯಂತ್ರದ ಸೀಳಿನಲ್ಲೂ ಆಗುತ್ತದೆ. ಕೊಬ್ಬರಿ ಎಣ್ಣೆಯೋ, ಚಳಿಗೆ ಅದು ಸೀಸೆಯಲ್ಲೇ ಗಟ್ಟಿಯಾಗುವಂಥದ್ದು.

ಆದ್ದರಿಂದ ಮೊದಲ ದಿನ ಯಂತ್ರಕ್ಕೆ ಏನನ್ನೂ ಹಾಕಬಾರದು. ನೋಡಬೇಕು. ಯಂತ್ರವನ್ನು ಎತ್ತುವಾಗ ಅಡಿಯ ಚೌಕಟ್ಟಿಗೆ ಕೈ ಕೊಡಬೇಕೇ ಹೊರತು ಮೇಲಿನ ಕ್ಯಾರೇಜ್ ಹಿಡಿದು ಎತ್ತಬಾರದು. ಕಚೇರಿ ಯಂತ್ರ ಹತ್ತು ಹದಿನೈದು ಕಿಲೋ ತೂಗುವುದುಂಟು, ಮಕ್ಕಳೊಬ್ಬರೇ ಎತ್ತುವುದು ಬೇಡ. ಗಟ್ಟಿ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ ಇಡಬೇಕು. ಕ್ಯಾರೇಜ್ ಅಲುಗಾಡದಿದ್ದರೆ ಕೂಡಲೇ ಬಲ ಹಾಕಬಾರದು. ಸಾಗಿಸುವಾಗ ಓಡಾಡದಿರಲೆಂದು ಅದನ್ನು ಬಂಧಿಸುವ ಒಂದು ಕೊಕ್ಕೆ ಕೆಲವು ಯಂತ್ರಗಳಲ್ಲಿರುತ್ತದೆ, ಅದನ್ನು ಹುಡುಕಬೇಕು. ಕ್ಯಾರೇಜ್ ಸಾಲಿನ ಕೊನೆಗೆ ಬಂದು ನಿಂತಿದ್ದರೆ ಕೀಲಿಗಳು ಏಳುವುದೇ ಇಲ್ಲ. ಅದು ದೋಷವಲ್ಲ, ಮಾರ್ಜಿನ್ ದಾಟಬೇಡ ಎಂಬ ತಡೆ. ಕ್ಯಾರೇಜನ್ನು ಹಿಂದಕ್ಕೆ ತಳ್ಳಿದರೆ ಎಲ್ಲವೂ ಏಳುತ್ತವೆ. ಎರಡು ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದರೆ ಬೆರಳಿನಿಂದ ಮೆಲ್ಲಗೆ ಬಿಡಿಸಬೇಕು. ಇಕ್ಕಳ ಹಿಡಿದು ಎಳೆದರೆ ಕಡ್ಡಿ ಬಾಗುತ್ತದೆ. ಬಾಗಿದ ಕಡ್ಡಿಯ ಅಕ್ಷರ ಮುಂದೆ ಯಾವತ್ತೂ ಸಾಲಿನಲ್ಲಿ ಕೂರುವುದಿಲ್ಲ.

ಎರಡನೇ ಕೆಲಸ ಧೂಳು. ಬಣ್ಣ ಬಳಿಯುವ ಮೆತ್ತನೆಯ ಬ್ರಷ್ ಒಂದು, ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಸಾಕು. ಮೂಲೆಗಳಿಗೆ ಸೈಕಲ್ ಪಂಪಿನ ಗಾಳಿ. ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಹೊರಕ್ಕೆ ಗುಡಿಸಬೇಕು. ಹೀಗೆ ಗುಡಿಸುವಾಗ ಕೆಂಪು ಧೂಳಿನ ಜತೆಗೆ ಬೂದುಬಣ್ಣದ ಸಣ್ಣ ಸಣ್ಣ ಚೂರುಗಳು ಉದುರುತ್ತವೆ. ಅದು ಅಳಿಸುವ ರಬ್ಬರಿನ ಪುಡಿ. ತಪ್ಪಾದ ಅಕ್ಷರವನ್ನು ಕಾಗದ ಯಂತ್ರದಲ್ಲಿರುವಾಗಲೇ ಉಜ್ಜಿದರೆ ಪುಡಿಯೆಲ್ಲ ನೇರವಾಗಿ ಸೀಳುಗಳಿಗೆ ಬೀಳುತ್ತದೆ. ಅದಕ್ಕೇ ಪಳಗಿದ ಬೆರಳಚ್ಚುಗಾರರು ಅಳಿಸುವ ಮೊದಲು ಕ್ಯಾರೇಜನ್ನು ಪೂರ್ತಿ ಒಂದು ಬದಿಗೆ ಸರಿಸಿಕೊಳ್ಳುತ್ತಿದ್ದರು. ಪುಡಿ ಹೊರಗೆ ಬೀಳುತ್ತಿತ್ತು. ಒಬ್ಬ ಬೆರಳಚ್ಚುಗಾರ ಎಷ್ಟು ಜಾಗರೂಕನಾಗಿದ್ದ, ಎಷ್ಟು ತಪ್ಪು ಮಾಡುತ್ತಿದ್ದ ಎಂಬುದನ್ನು ಯಂತ್ರದ ಹೊಟ್ಟೆಯಲ್ಲಿ ಸಿಗುವ ಪುಡಿಯಿಂದಲೇ ಅಂದಾಜು ಮಾಡಬಹುದು. ತಾತನ ಗುಟ್ಟು ಮೊಮ್ಮಗಳಿಗೆ ಹೀಗೂ ಗೊತ್ತಾಗುವುದುಂಟು!

ಧೂಳು ಹೋದ ಮೇಲೂ ಕಡ್ಡಿಗಳು ನಿಧಾನವಾಗಿ ಏಳುತ್ತಿದ್ದರೆ ಸೀಳಿನ ಜಿಡ್ಡನ್ನು ಕರಗಿಸಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್ ಇದಕ್ಕೆ ಸಾಕು. ಈ ಕೆಲಸ ಮನೆಯ ದೊಡ್ಡವರದು. ಆವಿಗೆ ಬೆಂಕಿ ತಗಲುವ ದ್ರಾವಣವಿದು. ಅಂಗಳದಲ್ಲಿ, ಗಾಳಿಯಾಡುವಲ್ಲಿ, ಒಲೆ, ದೀಪ, ಬೀಡಿ ಯಾವುದೂ ಹತ್ತಿರವಿಲ್ಲದಾಗ ಮಾಡಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರವಿ ಒಣಗಿಸಬೇಕು. ಸಣ್ಣ ಬ್ರಷ್ಷನ್ನು ಅದ್ದಿ, ಚೆನ್ನಾಗಿ ಹಿಂಡಿ, ಸೀಳುಗಳಿಗೆ ಮಾತ್ರ ತಾಗಿಸಿ, ಆ ಕೀಲಿಯನ್ನು ನಲವತ್ತು ಐವತ್ತು ಸಲ ಒತ್ತಿ ಒತ್ತಿ ಬಿಡಬೇಕು. ಕರಗಿ ಬಂದ ಕಪ್ಪನ್ನು ಬಟ್ಟೆಯಿಂದ ಒರೆಸಬೇಕು. ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮಾರನೆಯ ದಿನ ಮತ್ತೆ, ಮೂರನೆಯ ದಿನ ಮತ್ತೆ. ಇಪ್ಪತ್ತು ವರ್ಷದ ಜಿಡ್ಡು ಒಂದು ಸಂಜೆಯಲ್ಲಿ ಬಿಟ್ಟುಕೊಡುವುದಿಲ್ಲ. ಹೊರಗಿನ ಬಣ್ಣಕ್ಕೆ, ಕೀಲಿಗಳ ತಲೆಗೆ, ರಬ್ಬರ್ ರೋಲರಿಗೆ ಇದು ತಾಗಬಾರದು. ಸೀಮೆಎಣ್ಣೆಯೂ ಜಿಡ್ಡು ಬಿಡಿಸುತ್ತದೆ ನಿಜ, ಆದರೆ ತಾನೇ ಒಂದು ಎಣ್ಣೆಯ ಪೊರೆಯನ್ನು ಉಳಿಸಿಹೋಗುತ್ತದೆ. ತುಕ್ಕು ಬಿಡಿಸಲು ಮಾರುವ ಸ್ಪ್ರೇಗಳೂ ಇದೇ ಜಾತಿ. ಎಣ್ಣೆ ಬೇಕೇ ಬೇಕು ಎನ್ನುವವರಿಗೆ ಒಂದೇ ಜಾಗವಿದೆ. ಕ್ಯಾರೇಜ್ ಓಡುವ ಹಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಅದನ್ನೂ ಬಟ್ಟೆಗೆ ಹಾಕಿಕೊಂಡು ಸವರುವುದು.

ಇಷ್ಟು ಯಾವ ಭಾಷೆಯ ಯಂತ್ರಕ್ಕಾದರೂ ಸಲ್ಲುತ್ತದೆ. ತಾತನ ಯಂತ್ರ ಕನ್ನಡದ್ದಾಗಿದ್ದರೆ ಇನ್ನೆರಡು ವಿಷಯ ತಿಳಿದಿರಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಅಮೆರಿಕದ ರೆಮಿಂಗ್ಟನ್ ಕಂಪನಿ 1870ರ ದಶಕದಲ್ಲಿ ಟೈಪ್‌ರೈಟರನ್ನು ಮಾರುಕಟ್ಟೆಗೆ ತಂದಾಗ ಅದು ಇಪ್ಪತ್ತಾರು ಅಕ್ಷರಗಳ ಭಾಷೆಗೆ ಹೊಲಿದ ಅಂಗಿಯಾಗಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದವು. ಕಚೇರಿಯ ಟೈಪ್‌ರೈಟರ್ ಎಂದರೆ ಇಂಗ್ಲಿಷ್ ಎಂದೇ ಆಗಿದ್ದ ಕಾಲ ಅದು. ಕನ್ನಡವನ್ನು ಆ ಅಂಗಿಯೊಳಗೆ ತೂರಿಸುವುದು ಹೇಗೆ? ಯಂತ್ರದಲ್ಲಿ ಇರುವುದು ಸುಮಾರು 45 ಕೀಲಿ, ಶಿಫ್ಟ್ ಸೇರಿಸಿದರೆ 90 ಚಿಲ್ಲರೆ ಗುರುತುಗಳು. ನಮ್ಮ 34 ವ್ಯಂಜನಗಳಿಗೆ 13 ಸ್ವರಗಳ ಕಾಗುಣಿತ ಹಾಕಿದರೇ 442 ರೂಪ. ಇನ್ನು ಒಂದಕ್ಕೊಂದು ಒತ್ತು ಕೊಡುತ್ತಾ ಹೋದರೆ ಲೆಕ್ಕ ಹದಿನೈದು ಸಾವಿರ ದಾಟುತ್ತದೆ. ಬಳಕೆಯಲ್ಲಿ ಅಷ್ಟೂ ಬರುವುದಿಲ್ಲ ಅನ್ನಿ, ಆದರೂ 90ರಲ್ಲಿ ಹಿಡಿಯುವಂಥದ್ದಲ್ಲ.

ಈ ಗಂಟು ಬಿಡಿಸಿ ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿಕೊಟ್ಟವರು ಕೆ. ಅನಂತಸುಬ್ಬರಾಯರು. ಅಕ್ಷರವನ್ನು ಇಡಿಯಾಗಿ ಕೊಡುವ ಬದಲು ತುಂಡು ತುಂಡಾಗಿ ಕೊಟ್ಟು, ಕಾಗದದ ಮೇಲೆ ಜೋಡಿಸುವುದೇ ಉಪಾಯ. ತಲೆಕಟ್ಟು, ಗುಣಿತದ ಚಿಹ್ನೆ, ಒತ್ತು ಇವನ್ನೆಲ್ಲ ಬಿಡಿಸಿಟ್ಟರೆ ಅವೇ ತುಂಡುಗಳು ಹತ್ತಾರು ಅಕ್ಷರಗಳಿಗೆ ಆಗುತ್ತವೆ. ಒಂದನೇ ತರಗತಿಯ ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುವಾಗ ಮಾಡುವುದೂ ಇದನ್ನೇ ಅಲ್ಲವೆ! 1963ರಲ್ಲಿ ರಾಜ್ಯದ ಆಡಳಿತ ಭಾಷೆಯ ಕಾನೂನು ಬಂದು, ಮುಂದೆ ಕಚೇರಿಗಳಲ್ಲಿ ಕನ್ನಡ ಬಳಕೆ ಹೆಚ್ಚಿದಾಗ ಕೆಲಸಕ್ಕೆ ಒದಗಿದ್ದು ಇಂಥ ಯಂತ್ರಗಳೇ. ಊರೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಎದ್ದವು. ಬೆಳಿಗ್ಗೆ ಆರಕ್ಕೇ ಟಕಟಕ ಶುರುವಾಗಿ, ಗಂಟೆಗೊಂದು ತಂಡದಂತೆ ಜೂನಿಯರ್, ಸೀನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಇಂದಿನ ವಿದ್ಯಾರ್ಥಿಗಳ ಅಪ್ಪ ಅವ್ವಂದಿರೇ.

ಈಗ ರಿಪೇರಿಯ ಮಾತು. ತುಂಡುಗಳನ್ನು ಜೋಡಿಸಬೇಕಾದರೆ ಕೆಲವು ಗುರುತುಗಳು ಬಿದ್ದಾಗ ಕ್ಯಾರೇಜ್ ಮುಂದಕ್ಕೆ ಹೋಗಬಾರದು. ಹೋದರೆ ಚಿಹ್ನೆ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಸಾಮಾನ್ಯವಾದ ಕಡ್ಡಿ ಮೇಲೇಳುವಾಗ ಒಳಗಿನ ಒಂದು ಅಡ್ಡಪಟ್ಟಿಯನ್ನು ತಳ್ಳುತ್ತದೆ. ಆ ಪಟ್ಟಿ ಹಲ್ಲಿನ ಚಕ್ರವೊಂದರ ತಡೆಯನ್ನು ಸಡಿಲಿಸಿ ಕ್ಯಾರೇಜನ್ನು ಒಂದು ಮನೆ ಸರಿಯಗೊಡುತ್ತದೆ. ಸರಿಯಬಾರದ ಗುರುತಿನ ಕಡ್ಡಿಗೆ ಈ ಪಟ್ಟಿ ತಾಗದಂತೆ ಮಾಡಿರುತ್ತಾರೆ. ಅಕ್ಷರ ಬೀಳುತ್ತದೆ, ಕ್ಯಾರೇಜ್ ನಿಂತಲ್ಲೇ ನಿಲ್ಲುತ್ತದೆ. ಇಂಥವನ್ನು ಡೆಡ್ ಕೀ ಎನ್ನುತ್ತಾರೆ. ಇಂಗ್ಲಿಷ್ ಯಂತ್ರವನ್ನಷ್ಟೇ ಕಂಡವರು ಕನ್ನಡ ಯಂತ್ರದಲ್ಲಿ ಕ್ಯಾರೇಜ್ ಸರಿಯದ್ದನ್ನು ನೋಡಿ ಕೆಟ್ಟಿದೆ ಎಂದುಕೊಂಡು ಒಳಗೆ ಕೈ ಹಾಕುತ್ತಾರೆ. ಅಲ್ಲಿಂದ ನಿಜವಾಗಿ ಕೆಡಲು ಶುರು. ಆದ್ದರಿಂದ ಸ್ಕ್ರೂ ಬಿಚ್ಚುವ ಮೊದಲು ಒಂದು ಹಾಳೆ ತೆಗೆದುಕೊಂಡು ಕೀಲಿಮಣೆಯ ನಕ್ಷೆ ಬರೆಯಬೇಕು. ಪ್ರತಿ ಕೀಲಿಯನ್ನೂ ಒಮ್ಮೆ ಶಿಫ್ಟ್ ಇಲ್ಲದೆ, ಒಮ್ಮೆ ಶಿಫ್ಟ್ ಒತ್ತಿ ಪರೀಕ್ಷಿಸಿ, ಯಾವುದಕ್ಕೆ ಕ್ಯಾರೇಜ್ ಸರಿಯಿತು, ಯಾವುದಕ್ಕೆ ಇಲ್ಲ ಎಂದು ಗುರುತು ಹಾಕಬೇಕು. ಸರಿಯದವೆಲ್ಲ ಗುಣಿತದ, ಒತ್ತಿನ ಚಿಹ್ನೆಗಳೇ ಆಗಿದ್ದರೆ ಯಂತ್ರ ನೆಟ್ಟಗಿದೆ. ಪೂರ್ಣಾಕ್ಷರವೊಂದು ಸರಿಯದಿದ್ದರೆ ಮಾತ್ರ ದೋಷ, ಅದೂ ಹೆಚ್ಚಾಗಿ ಕೊಳೆಯದೇ. ಈ ನಕ್ಷೆ ಬರೆಯುವುದು ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಕೆಲಸ. ಒಂದು ಗಂಟೆಯೊಳಗೆ ಮುಗಿಯುತ್ತದೆ.

ಎರಡನೆಯದು ನಮ್ಮ ಲಿಪಿಯ ದುಂಡು. ಅಕ್ಷರಗಳಲ್ಲಿ ಮುಚ್ಚಿದ ಸುರುಳಿಗಳು ಬಹಳ. ಠ, ಅನುಸ್ವಾರದ ಸೊನ್ನೆ, ವಿಸರ್ಗದ ಎರಡು ಸೊನ್ನೆ ಇವುಗಳ ಹೊಟ್ಟೆಯಲ್ಲಿ ರಿಬ್ಬನ್ನಿನ ಶಾಯಿಯೂ ಬಟ್ಟೆಯ ನಾರೂ ಸೇರಿ ಗಟ್ಟಿಯಾಗುತ್ತವೆ. ಆಮೇಲೆ ಸೊನ್ನೆ ಬೀಳಬೇಕಾದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಒಣಗಿದ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಉಳಿದದ್ದನ್ನು ಚೂಪು ಮಾಡಿದ ಬೇವಿನ ಕಡ್ಡಿಯಿಂದ ಕೆದಕಬೇಕು. ಸೂಜಿ, ಪಿನ್ನು ಬೇಡ. ಅಚ್ಚಿಗೆ ಗೀರು ಬಿದ್ದರೆ ಆ ಗೀರು ಪ್ರತಿ ಪುಟದಲ್ಲೂ ಮೂಡುತ್ತದೆ.

ಎಲ್ಲ ಸರಿಯಾಗಿ ಒಂದು ಅಕ್ಷರವೂ ಮೂಡದಿದ್ದರೆ? ಕೀಲಿಮಣೆಯ ಪಕ್ಕದಲ್ಲಿ ಕಪ್ಪು, ಕೆಂಪು, ಬಿಳಿ ಚುಕ್ಕೆಗಳಿರುವ ಸಣ್ಣ ಸನ್ನೆಯನ್ನು ನೋಡಬೇಕು. ಬಿಳಿಗೆ ಇಟ್ಟಿದ್ದರೆ ರಿಬ್ಬನ್ ಮೇಲೇಳುವುದೇ ಇಲ್ಲ. ಸೈಕ್ಲೊಸ್ಟೈಲ್ ಮಾಡಲು ಸ್ಟೆನ್ಸಿಲ್ ಕೊರೆಯುವಾಗ ಅಚ್ಚು ನೇರವಾಗಿ ಹಾಳೆಗೆ ತಾಗಲೆಂದು ಈ ಏರ್ಪಾಡು. ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಕರಪತ್ರ ಮಾಡಿದ ಯಂತ್ರಗಳಲ್ಲಿ ಸನ್ನೆ ಅಲ್ಲಿಯೇ ಉಳಿದುಬಿಟ್ಟಿರುವುದುಂಟು. ರಿಬ್ಬನ್ ಒಣಗಿದ್ದರೆ ಹೊಸದು ಹಾಕಬೇಕು. ಬಹುತೇಕ ಯಂತ್ರಗಳಿಗೆ ಅರ್ಧ ಇಂಚು ಅಗಲದ ರಿಬ್ಬನ್ ಆಗುತ್ತದೆ. ಹೊಸ ರಿಬ್ಬನ್ನಿನ ಸುರುಳಿ ಹಳೆಯ ಯಂತ್ರಕ್ಕೆ ಹೊಂದದಿರಬಹುದು. ಆಗ ರಿಬ್ಬನ್ನನ್ನು ಹಳೆಯ ಸುರುಳಿಗೇ ಸುತ್ತಿಕೊಳ್ಳಬೇಕು. ಹಳೆಯ ಲೋಹದ ಸುರುಳಿಗಳನ್ನು ಎಸೆದವರು ಮತ್ತೆ ಹುಡುಕುತ್ತಾ ಅಲೆಯುತ್ತಾರೆ.

ಕೀಲಿ ಒತ್ತಿದರೂ ಕ್ಯಾರೇಜ್ ಒಂದೇ ಕಡೆ ನಿಂತು ಅಕ್ಷರದ ಮೇಲೆ ಅಕ್ಷರ ಬೀಳುತ್ತಿದ್ದರೆ ಯಂತ್ರದ ಹಿಂಬದಿಯ ಸ್ಪ್ರಿಂಗ್ ಡಬ್ಬಿಯನ್ನು ನೋಡಬೇಕು. ಅದರೊಳಗೆ ಸುತ್ತಿದ ಸ್ಪ್ರಿಂಗ್, ಅದರಿಂದ ಕ್ಯಾರೇಜಿನ ತುದಿಗೆ ಒಂದು ಪಟ್ಟಿ ಅಥವಾ ದಾರ. ಸಾಲು ಮುಗಿದಾಗ ಕ್ಯಾರೇಜನ್ನು ಹಿಂದಕ್ಕೆ ತಳ್ಳುವ ಕೈಯ ಬಲವೇ ಸ್ಪ್ರಿಂಗಿನಲ್ಲಿ ಸೇರಿಕೊಂಡು, ಮುಂದಿನ ಸಾಲಿನುದ್ದಕ್ಕೂ ಒಂದೊಂದು ಮನೆಯಾಗಿ ಖರ್ಚಾಗುತ್ತದೆ. ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ, ಇಷ್ಟೇ ಬಂಡವಾಳ. ದಾರ ಕೊಕ್ಕೆಯಿಂದ ಕಳಚಿದ್ದರೆ ಮತ್ತೆ ಸಿಕ್ಕಿಸಿದರಾಯಿತು. ಹರಿದಿದ್ದರೆ ಮೀನಿನ ಗಾಳದ ದಪ್ಪ ನೈಲಾನ್ ದಾರ ಆಗುತ್ತದೆ. ಸ್ಪ್ರಿಂಗನ್ನು ಸಾಲಿನ ಕೊನೆಯವರೆಗೂ ಕ್ಯಾರೇಜ್ ಎಳೆಯಲು ಬೇಕಾದಷ್ಟೇ ಸುತ್ತಬೇಕು, ಹೆಚ್ಚು ಬಿಗಿದರೆ ಅಕ್ಷರ ಹಾರಿ ಹಾರಿ ಬೀಳುತ್ತವೆ. ಸುತ್ತಿದ ಡಬ್ಬಿಯನ್ನು ಕೈಬಿಟ್ಟರೆ ಸರ್ರನೆ ಬಿಚ್ಚಿ ಬೆರಳಿಗೆ ಪೆಟ್ಟಾಗುತ್ತದೆ, ಸ್ಪ್ರಿಂಗೂ ಮುರಿಯಬಹುದು. ಈ ಕೆಲಸಕ್ಕೆ ಹಳೆಯ ಮೆಕಾನಿಕ್ ಯಾರಾದರೂ ಸಿಕ್ಕರೆ ಅವರಿಗೇ ಬಿಡುವುದು ಒಳ್ಳೆಯದು. ಮಗಳು ಪಕ್ಕದಲ್ಲಿ ಕುಳಿತು ನೋಡಲಿ.

ರಬ್ಬರ್ ರೋಲರ್ ಕಲ್ಲಿನಂತಾಗಿ ಕಾಗದ ತೂತಾಗುತ್ತಿದ್ದರೆ ಟೈಪ್ ಮಾಡುವ ಹಾಳೆಯ ಹಿಂದೆ ಇನ್ನೊಂದು ದಪ್ಪ ಹಾಳೆ ಸೇರಿಸಬೇಕು. ರೋಲರಿಗೆ ಒದ್ದೆ ಬಟ್ಟೆಯ ಒರೆತ ಸಾಕು.

ಇಷ್ಟೆಲ್ಲ ಮಾಡಿ ಪ್ರಯೋಜನವೇನು ಎಂದು ಅಪ್ಪ ಕೇಳುವುದು ನ್ಯಾಯವೇ. ನೌಕರಿಗಾಗಿ ಎಂದು ಯಾರಾದರೂ ಹೇಳಿದರೆ ನಂಬುವುದು ಬೇಡ. ಭಾರತದಲ್ಲೇ 1955ರಲ್ಲಿ ಟೈಪ್‌ರೈಟರ್ ತಯಾರಿಸಿದ ಗೋದ್ರೆಜ್ ಕಂಪನಿ 2009ರಲ್ಲಿ ಅದನ್ನು ನಿಲ್ಲಿಸಿತು. ಇಂಗ್ಲಿಷ್ ಯಂತ್ರದಲ್ಲಿ ಪಳಗಿದ ಬೆರಳು ಕಂಪ್ಯೂಟರಿಗೂ ಬರುತ್ತದೆ, ಅಕ್ಷರಗಳ ಸ್ಥಾನ ಎರಡರಲ್ಲೂ ಒಂದೇ. ಕನ್ನಡದಲ್ಲಿ ಹಾಗಲ್ಲ. ‘ನುಡಿ’ ತಂತ್ರಾಂಶದ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ್ದು. ಅಲ್ಲಿ ವ್ಯಂಜನ, ಸ್ವರ ಕೊಟ್ಟರೆ ಅಕ್ಷರವನ್ನು ಜೋಡಿಸುವ ಕೆಲಸ ಕಂಪ್ಯೂಟರಿನದು. ತಾತನ ಯಂತ್ರದಲ್ಲಿ ಜೋಡಿಸುವುದು ಬೆರಳು. ಪರೀಕ್ಷೆಗೆ ಓದುವ ಮಕ್ಕಳು ಎರಡನ್ನೂ ಒಟ್ಟಿಗೆ ಕಲಿಯಲು ಹೋದರೆ ಬೆರಳಿಗೆ ಗೊಂದಲವಾಗುತ್ತದೆ. ಆದರೆ ಹೊಸ ಯಂತ್ರ ಬರುವುದಿಲ್ಲ, ಬಿಡಿಭಾಗ ಸಿಗುವುದು ಇನ್ನೊಂದು ಹಳೆಯ ಯಂತ್ರದಿಂದಲೇ. ಕನ್ನಡ ಅಚ್ಚಿನ ಯಂತ್ರ ಒಂದು ಗುಜರಿಗೆ ಹೋಯಿತೆಂದರೆ ಇದ್ದವುಗಳಲ್ಲಿ ಒಂದು ಕಡಿಮೆಯಾಯಿತು ಎಂದೇ ಲೆಕ್ಕ. ಕಿಲೋ ದರದಲ್ಲಿ ಸಿಗುವ ಹಣ ಎಷ್ಟೆಂದು ಅಪ್ಪನಿಗೂ ಗೊತ್ತು.

ಸರಿಮಾಡಿದ ಮೇಲೆ ಅದನ್ನು ಮತ್ತೆ ಅಟ್ಟಕ್ಕೆ ಏರಿಸಬಾರದು. ರಸ್ತೆ ಕಡೆಯ ಕಿಟಕಿಯಿಂದ ದೂರ, ಹಳೆಯ ಸೀರೆಯಲ್ಲಿ ಹೊಲಿದ ಮುಸುಕು ಹೊದಿಸಿ ಇಟ್ಟರೆ ಹೊಸಹಳ್ಳಿಯ ಧೂಳಿಗೆ ಅಷ್ಟು ಸಾಕು. ಗೋಣಿಚೀಲ ಬೇಡ, ಅದರ ನಾರೇ ಒಳಗೆ ಉದುರುತ್ತದೆ. ವಾರಕ್ಕೊಮ್ಮೆ ಎಲ್ಲ ಕೀಲಿಗಳೂ ಒಂದು ಸಲ ಏಳಬೇಕು. ಮನೆಯ ದಿನಸಿ ಪಟ್ಟಿ ಟೈಪ್ ಮಾಡಿದರೂ ಆದೀತು. ಸಾಲು ಮುಗಿಯಲು ಕೆಲವು ಅಕ್ಷರ ಬಾಕಿ ಇರುವಾಗ ಗಂಟೆ ಬಾರಿಸಬೇಕು. ಬಾರಿಸದಿದ್ದರೆ ಗಂಟೆಯ ಬಟ್ಟಲಿನೊಳಗೆ ಟಾರ್ಚ್ ಹಾಕಿ ನೋಡಿ. ಅಟ್ಟದಲ್ಲಿದ್ದ ಯಂತ್ರದಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಬೇವಿನ ಕಡ್ಡಿ ಅದಕ್ಕೂ ಆಗುತ್ತದೆ.